ಓದುವವರಿಗೂ ಒಂದು ಮತ



 ದಾವಣಗೆರೆಗೆ ಸಮ್ಮೇಳನ ಹೊಸದಲ್ಲ. 1922ರಲ್ಲಿ ಇಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಮೈಸೂರಿನ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ಅಧ್ಯಕ್ಷರಾಗಿದ್ದರು. ಎಪ್ಪತ್ತು ವರ್ಷಗಳ ಮೇಲೆ, 1992ರಲ್ಲಿ, ಆ ಪೀಠದಲ್ಲಿ ಜಿ.ಎಸ್. ಶಿವರುದ್ರಪ್ಪನವರು ಕೂತರು. ಇಬ್ಬರೂ ಪಾಠ ಹೇಳಿದ ಮೇಷ್ಟ್ರುಗಳು. ಅಂಥ ಹಿರಿಯರು ಮಾತಾಡಿದ ಊರಿನಲ್ಲಿ ನಾನು ಪಾಠ ಕೇಳುವವರ ಪರವಾಗಿ ಒಂದೇ ಮಾತು ಆಡಲು ನಿಂತಿದ್ದೇನೆ: 13ರಿಂದ 18 ವರ್ಷದವರು ತಮಗೆ ಮೆಚ್ಚುಗೆಯಾದ ಪುಸ್ತಕ ಯಾವುದೆಂದು ಗ್ರಂಥಾಲಯದಲ್ಲೇ ಮತ ಹಾಕಿ ಹೇಳಬೇಕು, ಆ ಮತಕ್ಕೆ ಬೆಲೆ ಸಿಗಬೇಕು.

ಒಂದು ಪುಸ್ತಕ ಗ್ರಂಥಾಲಯದ ಕಪಾಟು ಸೇರುವ ದಾರಿಯನ್ನು ಸ್ವಲ್ಪ ನೋಡಿ. ನಮ್ಮ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಆಸ್ತಿ ತೆರಿಗೆ ಕಟ್ಟುವ ನಾವೆಲ್ಲರೂ ಅದರ ಮೇಲೆ ನೂರಕ್ಕೆ ಆರು ರೂಪಾಯಿಯಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಅದನ್ನು ವಸೂಲು ಮಾಡುವುದು ಪಾಲಿಕೆ, ನಗರಸಭೆ. ಖರ್ಚು ಮಾಡಬೇಕಾದದ್ದು ಗ್ರಂಥಾಲಯ. ಲೇಖಕರು ಬರೆಯುತ್ತಾರೆ, ಪ್ರಕಾಶಕರು ಅರ್ಜಿ ಹಾಕುತ್ತಾರೆ, ಆಯ್ಕೆ ಸಮಿತಿ ಪಟ್ಟಿ ಮಾಡುತ್ತದೆ, ಇಲಾಖೆ ಪುಟಕ್ಕಿಷ್ಟು ಎಂದು ದರ ಕಟ್ಟಿ ಕೊಳ್ಳುತ್ತದೆ. ಈ ಸಾಲಿನಲ್ಲಿ ಎಲ್ಲರೂ ಇದ್ದಾರೆ, ಓದುವವನು ಮಾತ್ರ ಇಲ್ಲ.

ಪ್ರಶಸ್ತಿಗಳ ಕತೆಯೂ ಬೇರೆಯಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಮೊದಲ ವರ್ಷ ಕನ್ನಡಕ್ಕೆ ಅದನ್ನು ತಂದವರು ಬೊಳುವಾರು ಮಹಮದ್ ಕುಂಞಿ. ಈಚೆಗೆ 2022ರಲ್ಲಿ ತಮ್ಮಣ್ಣ ಬೀಗಾರ, 2023ರಲ್ಲಿ ವಿಜಯಶ್ರೀ ಹಾಲಾಡಿ, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ ಪಡೆದರು. ಯೋಗ್ಯರಿಗೇ ಸಂದಿದೆ, ತಕರಾರಿಲ್ಲ. ಆದರೆ ಆರಿಸಿದವರು ದೊಡ್ಡವರು. ದಾವಣಗೆರೆ ಮತ್ತು ಹರಿಹರದ ಶಾಲೆ-ಕಾಲೇಜುಗಳಿಂದ ಬಂದು ಹಿಂದಿನ ಸಾಲುಗಳಲ್ಲಿ ಕೂತಿರುವ ಮಕ್ಕಳೇ, ಇವರಲ್ಲಿ ಎಷ್ಟು ಜನರ ಪುಸ್ತಕ ಓದಿದ್ದೀರಿ ಎಂದು ಕೈ ಎತ್ತಿಸುವುದಿಲ್ಲ. ಎತ್ತದಿದ್ದರೆ ನಾಚಿಕೆಪಡಬೇಕಾದವರು ಮುಂದಿನ ಸಾಲಿನಲ್ಲಿದ್ದಾರೆ.

ನಮ್ಮ ಯಾವುದೇ ಊರಿನ ಗ್ರಂಥಾಲಯಕ್ಕೆ ಬೆಳಿಗ್ಗೆ ಹೊತ್ತು ಹೋಗಿ ನೋಡಿ. ಬಾಗಿಲು ತೆಗೆಯುವ ಮೊದಲೇ ಬ್ಯಾಗು ಹಿಡಿದ ಯುವಕ ಯುವತಿಯರು ಮೆಟ್ಟಿಲ ಮೇಲೆ ಕಾಯುತ್ತಿರುತ್ತಾರೆ. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ತಮ್ಮದೇ ಗೈಡುಗಳನ್ನು ತಂದಿರುತ್ತಾರೆ. ಗ್ರಂಥಾಲಯದಿಂದ ಅವರಿಗೆ ಬೇಕಾದದ್ದು ಕುರ್ಚಿ ಮತ್ತು ಫ್ಯಾನು. ತಪ್ಪೇನಿಲ್ಲ, ನೌಕರಿ ಎಲ್ಲರಿಗೂ ಬೇಕು. ಇನ್ನೊಂದು ಮೂಲೆಯಲ್ಲಿ ಮಕ್ಕಳ ವಿಭಾಗ, ಅಲ್ಲಿ ಪಂಚತಂತ್ರ, ತೆನಾಲಿ ರಾಮ. ಒಂಬತ್ತನೇ ಕ್ಲಾಸಿನ ಹುಡುಗಿ ಈ ಎರಡರ ನಡುವೆ ನಿಂತು ಏನು ಹುಡುಕಬೇಕು? ತೆನಾಲಿ ರಾಮ ಅವಳಿಗೆ ಮುಗಿದಿದ್ದಾನೆ, ಗೈಡು ಇನ್ನೂ ಬಂದಿಲ್ಲ. ಓದು ಕೈಬಿಟ್ಟು ಹೋಗುವುದು ಈ ವಯಸ್ಸಿನಲ್ಲಿ. ಅವಳ ಕೈಯಿಂದ ಮೊಬೈಲ್ ಕಸಿಯಬೇಕೆಂದು ಭಾಷಣ ಮಾಡುವ ನಾವು, ಬದಲಿಗೆ ಯಾವ ಪುಸ್ತಕ ಕೊಡುತ್ತೇವೆಂದು ಯೋಚಿಸಿಲ್ಲ.

ಹಾಗೆಂದು ಈ ವಯಸ್ಸಿನವರಿಗೆ ಆರಿಸಲು ಬರುವುದಿಲ್ಲವೇ? ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ 1980ರಲ್ಲಿ ಬಂದಾಗ ಅದು ಮಕ್ಕಳ ಪುಸ್ತಕವಾಗಿರಲಿಲ್ಲ. ಹೈಸ್ಕೂಲು, ಪಿಯುಸಿ ಹುಡುಗರು ಅದನ್ನು ತಮ್ಮದು ಮಾಡಿಕೊಂಡರು, ಕೈಯಿಂದ ಕೈಗೆ ದಾಟಿಸಿದರು. ಅದಕ್ಕೆ ಯಾವ ಸಮಿತಿಯೂ ಸಭೆ ಸೇರಲಿಲ್ಲ.

ಸವಿಯುವವರೇ ತೀರ್ಪು ಕೊಡಬಲ್ಲರು ಎಂಬುದನ್ನು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದ ಊರು ಇದು. ಕಂಪನಿ ನಾಟಕದಲ್ಲಿ ಹಾಡು ಚೆನ್ನಾಗಿತ್ತೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದವರು ನೆಲದ ಮೇಲೆ ಕೂತು ‘ಒನ್ಸ್ ಮೋರ್’ ಎಂದು ಕೂಗಿದವರು. ಆ ಕೂಗಿಗೆ ಹಾರ್ಮೋನಿಯಂ ಮತ್ತೆ ಶುರುವಾಗುತ್ತಿತ್ತು. ಪುಸ್ತಕಕ್ಕೂ ಅಂಥದೊಂದು ಕೂಗು ಬೇಕು.

ಹೊರಗಿನ ದೇಶಗಳಲ್ಲಿ ಇದು ನಡೆದಿದೆ. ಫ್ರಾನ್ಸಿನಲ್ಲಿ ಗೊಂಕೂರ್ ಎಂಬುದು ಬಹು ದೊಡ್ಡ ಸಾಹಿತ್ಯ ಪ್ರಶಸ್ತಿ. ಅದರ ಪಟ್ಟಿಯಲ್ಲಿರುವ ಕಾದಂಬರಿಗಳನ್ನೇ ಹೈಸ್ಕೂಲು ವಿದ್ಯಾರ್ಥಿಗಳಿಗೂ ಓದಿಸಿ, ಅವರದೇ ಬೇರೆ ಪ್ರಶಸ್ತಿ ಆರಿಸುವ ಪದ್ಧತಿ 1988ರಲ್ಲಿ ಆರಂಭವಾಯಿತು. ಹುಡುಗರು ಹಗುರವಾದದ್ದನ್ನೇ ಆರಿಸುತ್ತಾರೆ ಎಂದು ಅನುಮಾನಪಡುವವರು ಗಮನಿಸಬೇಕು: ಮೊದಲ ವರ್ಷ ಅವರು ಆರಿಸಿದ್ದು ಎರಿಕ್ ಒರ್ಸೆನ್ನಾ ಬರೆದ ದಪ್ಪನೆಯ ಕಾದಂಬರಿಯನ್ನು. ಆ ವರ್ಷ ಹಿರಿಯರ ಪ್ರಶಸ್ತಿಯೂ ಅದಕ್ಕೇ ಬಂತು. ಅಮೆರಿಕದಲ್ಲಿ ಗ್ರಂಥಪಾಲಕರ ಸಂಘಟನೆಯೊಂದು 2003ರಲ್ಲಿ 12ರಿಂದ 18 ವರ್ಷದವರ ಮತದಿಂದಲೇ ವರ್ಷದ ಹತ್ತು ಪುಸ್ತಕ ಆರಿಸುವ ಕೆಲಸ ಶುರು ಮಾಡಿತು.

ನಮ್ಮ ಮಕ್ಕಳಿಗೂ ಮತದಾನ ಗೊತ್ತಿದೆ. ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಸಾಲಾಗಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಅದನ್ನು ಮನೆಯಲ್ಲಿ ಅವ್ವನಿಗೆ ತೋರಿಸುತ್ತಾರೆ. ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಶೌಚಾಲಯ ಎಲ್ಲಿ ಎಂದು ಕೇಳುತ್ತಾರೆ. ಇಷ್ಟು ಬಲ್ಲವರಿಗೆ ಪುಸ್ತಕ ಯಾವುದು ಬೇಕು ಎಂದು ಹೇಳಲು ಬಾರದೇ?

ನನ್ನ ಸೂಚನೆ ಇಷ್ಟು. ದಾವಣಗೆರೆ, ಹರಿಹರದ ಗ್ರಂಥಾಲಯಗಳು ವರ್ಷಕ್ಕೊಮ್ಮೆ ಇಪ್ಪತ್ತು ಪುಸ್ತಕಗಳ ಪಟ್ಟಿ ಹಾಕಲಿ. ಅರ್ಧ ಹೆಸರು ಮಕ್ಕಳೇ ಸೂಚಿಸಲಿ. ಕನ್ನಡದ ಜೊತೆಗೆ ಉರ್ದು ಪುಸ್ತಕಗಳೂ ಇರಲಿ. ಒಂದೊಂದಕ್ಕೂ ಹಲವು ಪ್ರತಿ ಬೇಕು. ಒಂದೇ ಪ್ರತಿ ಇಟ್ಟರೆ ಅದು ಚುನಾವಣೆಯಲ್ಲ, ಲಾಟರಿ. ಎರಡು ಊರಿನ ನಡುವೆ ಹದಿನಾಲ್ಕು ಕಿಲೋಮೀಟರ್. ಪುಸ್ತಕದ ಪೆಟ್ಟಿಗೆ ಬಸ್ಸಿನಲ್ಲೇ ಓಡಾಡಬಹುದು. ಕನಿಷ್ಠ ಮೂರು ಪುಸ್ತಕ ಓದಿದವರಿಗೆ ಮತ. ಚೀಟಿಯಲ್ಲಿ ‘ಮೆಚ್ಚಿದೆ’ ಎನ್ನುವುದರ ಜೊತೆ ‘ಅರ್ಧಕ್ಕೆ ಬಿಟ್ಟೆ’ ಎಂಬ ಕಾಲಂ ಇರಲಿ. ಲೇಖಕರಿಗೆ ಅದರಷ್ಟು ಉಪಯೋಗದ ವಿಮರ್ಶೆ ಬೇರೆ ಇಲ್ಲ. ಮತ ಗುಟ್ಟಾಗಿರಲಿ, ಮೇಷ್ಟ್ರು ಹೆಗಲ ಮೇಲಿಂದ ಇಣುಕಬಾರದು. ಹಳ್ಳಿಗಳ ಅರಿವು ಕೇಂದ್ರಗಳಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಮತದಾರರ ಪಟ್ಟಿ ತಯಾರಾಗಿಯೇ ಇದೆ: 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟ ರಿಜಿಸ್ಟರು.

ದೆವ್ವದ ಕತೆ, ಪತ್ತೇದಾರಿ, ಕ್ರಿಕೆಟಿಗರ ಜೀವನ ಗೆದ್ದರೆ ಏನು ಗತಿ ಎಂದು ಕೇಳುವವರಿದ್ದಾರೆ. ಗೆಲ್ಲಲಿ. ಪತ್ತೇದಾರಿ ಕಾದಂಬರಿ ಓದದೆ ಕನ್ನಡದ ಓದುಗ ತಯಾರಾದದ್ದು ಕಡಿಮೆ.

ಕೊನೆಯದು, ಮುಖ್ಯವಾದದ್ದು. ಫಲಿತಾಂಶ ಪತ್ರಿಕೆಯ ಒಂದು ಫೋಟೊದಲ್ಲಿ ಮುಗಿಯಬಾರದು. ಮಕ್ಕಳು ಆರಿಸಿದ ಮೊದಲ ಐದು ಪುಸ್ತಕಗಳನ್ನು ಜಿಲ್ಲೆಯ ಪ್ರತಿ ಗ್ರಂಥಾಲಯಕ್ಕೂ ಆ ವರ್ಷವೇ ಕೊಳ್ಳಬೇಕು. ಪಾಲಿಕೆ, ನಗರಸಭೆಗಳು ವಸೂಲಾದ ಕರವನ್ನು ಗ್ರಂಥಾಲಯಕ್ಕೆ ಬಾಕಿ ಇಲ್ಲದಂತೆ ಸಲ್ಲಿಸಬೇಕು. ಇವೆರಡನ್ನೂ ಈ ಸಮ್ಮೇಳನ ಇಂದು ಸಂಜೆಯ ಬಹಿರಂಗ ಅಧಿವೇಶನದಲ್ಲಿ ನಿರ್ಣಯವಾಗಿ ಅಂಗೀಕರಿಸಬೇಕೆಂದು ಅಧ್ಯಕ್ಷನಾಗಿ ಕೋರುತ್ತೇನೆ. ನಿರ್ಣಯವನ್ನು ಹಿಂದಿನ ಸಾಲಿನಲ್ಲಿ ಕೂತ ಒಬ್ಬ ವಿದ್ಯಾರ್ಥಿನಿ ಮಂಡಿಸಲಿ; ಅನುಮೋದಿಸುವ ಕೆಲಸ ಹಿರಿಯರದಾಗಲಿ.