ಒಂದೇ ಸರ್ವರ್, ಹಲವು ಸಂಸಾರ



ವೆಬ್‌ಸೈಟ್ ಮಾಡೋಣ ಎಂದ ಕೂಡಲೇ ನಿಮ್ಮ ಬಾಯಲ್ಲಿ ಬರುವ ಮೊದಲ ಮಾತು: ಸರ್ವರ್‌ಗೆ ದುಡ್ಡೆಲ್ಲಿ? ನಾಟಕ ತಂಡಕ್ಕೊಂದು, ಓದುಗರ ಬಳಗಕ್ಕೊಂದು, ಬಡಾವಣೆ ಸಂಘಕ್ಕೊಂದು ಸರ್ವರ್ ಹಿಡಿಯಬೇಕೆಂದು ನಿಮಗೆ ಹೇಳಿದವರು ಯಾರು? ಬೇಕಿಲ್ಲ. ಎಲ್ಲರಿಗೂ ಸೇರಿ ಒಂದು ಸಾಕು.

ಹಳೆಯ ಬೆಂಗಳೂರಿನ ವಠಾರ ನೋಡಿದ್ದೀರಲ್ಲ? ಬೀದಿಗೆ ಒಂದೇ ಬಾಗಿಲು, ಒಳಗೆ ಎಂಟು ಸಂಸಾರ. ಅಂಚೆಯವನು ಹೆಸರು ಕೂಗಿದರೆ ಆ ಮನೆಯವರು ಬಂದು ಕಾಗದ ತೆಗೆದುಕೊಳ್ಳುತ್ತಿದ್ದರು. ಸರ್ವರ್ ಕೂಡ ಹಾಗೇ. ಮೊದಲು ಹೀಗಿರಲಿಲ್ಲ. ಬ್ರೌಸರ್ ಐಪಿ ವಿಳಾಸ ಹಿಡಿದು ಬಂದು "ಈ ಪುಟ ಕೊಡು" ಎನ್ನುತ್ತಿತ್ತು. ಯಾವ ಸೈಟಿನ ಪುಟ ಎಂದು ಹೇಳುವ ಕಟ್ಟುಪಾಡು ಅದಕ್ಕಿರಲಿಲ್ಲ. ಹಾಗಾಗಿ ಸೈಟಿಗೊಂದು ಐಪಿ ಬೇಕಾಗುತ್ತಿತ್ತು. 32 ಬಿಟ್‌ನ ಆ ವಿಳಾಸಗಳೋ ಒಟ್ಟು ಸುಮಾರು 430 ಕೋಟಿ. ಇಡೀ ಜಗತ್ತಿಗೆ ಎಲ್ಲಿ ಸಾಲಬೇಕು? 1997ರಲ್ಲಿ ಬಂದ ಎಚ್‌ಟಿಟಿಪಿ 1.1 ನಿಯಮ ಮಾಡಿತು: ಪ್ರತಿ ಕೋರಿಕೆಯಲ್ಲೂ 'ಹೋಸ್ಟ್' ಎಂಬ ಸಾಲಿನಲ್ಲಿ ಸೈಟಿನ ಹೆಸರು ಇರಲೇಬೇಕು. ಒಂದೇ ಒಂದು ಸಾಲು! ಅದರಿಂದ ಬಡವನಿಗೂ ವೆಬ್‌ನಲ್ಲಿ ಜಾಗ ಸಿಕ್ಕಿತು.

ಅಪಾಚೆಯಲ್ಲಿ ಪ್ರತಿ ಹೆಸರಿಗೂ ಒಂದು 'ವರ್ಚುವಲ್ ಹೋಸ್ಟ್' ಬರೆದು, ಅದರ ಫೋಲ್ಡರ್ ತೋರಿಸಿ. ಎಂಜಿನ್‌ಎಕ್ಸ್‌ನಲ್ಲಿ ಅದೇ ಕೆಲಸಕ್ಕೆ 'ಸರ್ವರ್ ಬ್ಲಾಕ್'. ಹೆಸರು ತಪ್ಪಾಗಿ ಬರೆದರೆ? ಪಟ್ಟಿಯಲ್ಲಿಲ್ಲದ ಹೆಸರಿಗೆ ಅಪಾಚೆ ಮೊದಲು ಬರೆದ ಸೈಟನ್ನೇ ತೋರಿಸುತ್ತದೆ. ನಾಟಕ ನೋಡಲು ಬಂದವನಿಗೆ ಸಂಘದ ಚರಂಡಿ ದೂರು ಕಾಣಿಸೀತು!

ಸೈಟಿನ ಹೆಸರನ್ನು ಕನ್ನಡ ಅಕ್ಷರದಲ್ಲೇ ಇಡುತ್ತೀರಾ? ಇಡಿ, ಕನ್ನಡದಲ್ಲೇ '.ಭಾರತ' ಎಂಬ ಡೊಮೇನ್ ಇದೆ. ಆದರೆ ಬ್ರೌಸರ್ ಆ ಹೆಸರನ್ನು 'ಎಕ್ಸ್‌ಎನ್' ಎಂದು ಶುರುವಾಗುವ ಪ್ಯುನಿಕೋಡ್ ರೂಪಕ್ಕೆ ತಿರುಗಿಸಿ ಕಳಿಸುತ್ತದೆ. ಸರ್ವರ್‌ನಲ್ಲೂ ಆ ರೂಪವನ್ನೇ ಬರೆಯಿರಿ.

ಇನ್ನು ವಠಾರದ ಕಷ್ಟ. ಒಬ್ಬರ ಮನೆಯ ಹಿತ್ತಿಲ ಬಾಗಿಲಿನಿಂದ ಕಳ್ಳ ನುಗ್ಗಿದರೆ ಎಂಟೂ ಮನೆ ಹೋಯಿತು. ಒಂದು ಸೈಟಿನ ಹಳೆಯ, ತಿದ್ದದ ಪ್ರೋಗ್ರಾಂ ಸಾಕು ಅದಕ್ಕೆ. ಸೈಟಿಗೊಂದು ಬೇರೆ ಯೂಸರ್ ಖಾತೆ ಮಾಡಿ, ಒಬ್ಬರ ಕಡತ ಇನ್ನೊಬ್ಬರ ಕೈಗೆ ಎಟುಕದಂತೆ ಬಂದೋಬಸ್ತು ಮಾಡಿ. ಪ್ರತಿಯೊಂದರ ನಕಲು ಬೇರೊಂದು ಯಂತ್ರದಲ್ಲಿರಲಿ. ಬೀಗದ ಕೈ ಒಬ್ಬನ ಜೇಬಿನಲ್ಲೇ ಇರುವುದು ಬೇಡ. ಅವನು ನೌಕರಿ ಎಂದು ಊರು ಬಿಟ್ಟ ದಿನ ಎಲ್ಲ ಬಳಗಗಳೂ ಬೀದಿಯಲ್ಲಿ. ಡೊಮೇನ್ ಹೆಸರನ್ನಂತೂ ಆಯಾ ಬಳಗದ ಹೆಸರಿನಲ್ಲೇ ನೋಂದಾಯಿಸಿ. ನಾಳೆ ಮನಸ್ತಾಪವಾಗಿ ಬೇರೆ ಸರ್ವರ್‌ಗೆ ಹೊರಟರೂ ಹೆಸರು ನಿಮ್ಮ ಜೊತೆಗೇ ಬರುತ್ತದೆ.