ಒಂದು ಅಡಿಯ ಅಂತರ

(ಕಾಲೇಜೊಂದರ ಕ್ರೀಡಾ ಸಂಘದ ಉದ್ಘಾಟನೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣ)



ಕ್ರೀಡಾಕೂಟದ ಫಲಿತಾಂಶ ಬಂದೊಡನೆ ನಾವು ವರದಿಗಾರರು ಮೊದಲು ಹುಡುಕುವುದು ಪದಕವನ್ನು. ಓಟಗಾರನೊಬ್ಬನ ಸಾಧನೆಯನ್ನು ಅಷ್ಟರಿಂದಲೇ ಅಳೆಯಬಹುದೇ? ಈ ಪ್ರಶ್ನೆ ಇಟ್ಟುಕೊಂಡು ಅವಿನಾಶ್ ಸಾಬ್ಳೆ ಅವರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಅವರದು 3000 ಮೀಟರ್ ಸ್ಟೀಪಲ್‌ಚೇಸ್. ಹಿಂದೆ ಬ್ರಿಟಿಷ್ ದ್ವೀಪಗಳಲ್ಲಿ ದೂರದ ಚರ್ಚಿನ ಗೋಪುರವನ್ನು ಗುರಿಯಾಗಿಟ್ಟುಕೊಂಡು ಬೇಲಿ, ಗೋಡೆ, ಹಳ್ಳ ದಾಟಿ ಕುದುರೆ ಓಡಿಸುತ್ತಿದ್ದರು. ಆ ಗೋಪುರವೇ ‘ಸ್ಟೀಪಲ್’. ಕುದುರೆಯ ಜಾಗಕ್ಕೆ ಮನುಷ್ಯ ಬಂದ. ಬೇಲಿ ಮರದ ತೊಲೆಯಾಯಿತು, ಹಳ್ಳ ನೀರಿನ ಹೊಂಡವಾಯಿತು. ಓಟ ಮುಗಿಯುವಷ್ಟರಲ್ಲಿ 28 ತಡೆಗಳನ್ನೂ 7 ನೀರಿನ ಹೊಂಡಗಳನ್ನೂ ದಾಟಬೇಕು. ಹರ್ಡಲ್ಸ್‌ನಲ್ಲಿ ಕಾಲು ತಗುಲಿದರೆ ತಡೆ ಉರುಳುತ್ತದೆ. ಇಲ್ಲಿ ತಡೆ ಅಲುಗುವುದಿಲ್ಲ, ಉರುಳುವವನು ಓಟಗಾರನೇ.

ಸಾಬ್ಳೆ 1994ರಲ್ಲಿ ಹುಟ್ಟಿದ್ದು ಮಹಾರಾಷ್ಟ್ರದ ಬರಪೀಡಿತ ಬೀಡ್ ಜಿಲ್ಲೆಯ ಮಾಂಡ್ವಾ ಗ್ರಾಮದಲ್ಲಿ. ಆರು ಕಿಲೋಮೀಟರ್ ದೂರದ ಶಾಲೆಗೆ ಕಾಲ್ನಡಿಗೆಯೇ ಗತಿ. ಹನ್ನೆರಡನೆಯ ತರಗತಿ ಮುಗಿಸಿ ಸೇನೆಯ ಮಹಾರ್ ರೆಜಿಮೆಂಟ್ ಸೇರಿದರು. ಸಿಯಾಚಿನ್ ಹಿಮದಲ್ಲೂ ರಾಜಸ್ಥಾನದ ಮರಳಿನಲ್ಲೂ ಕಾವಲು ಕಾದರು. ಸ್ಪರ್ಧೆಗಾಗಿ ಓಡಲಾರಂಭಿಸಿದ್ದು 2015ರಲ್ಲಿ, ಸೇನೆಯ ಕ್ರಾಸ್‌ಕಂಟ್ರಿ ಓಟಗಳಲ್ಲಿ.

ಆಗ ರಾಷ್ಟ್ರೀಯ ದಾಖಲೆ ಗೋಪಾಲ್ ಸೈನಿ ಅವರದು: 1981ರಲ್ಲಿ 8 ನಿಮಿಷ 30.88 ಸೆಕೆಂಡ್. 37 ವರ್ಷ ಉಳಿದಿದ್ದ ಅದನ್ನು 2018ರಲ್ಲಿ ಭುವನೇಶ್ವರದಲ್ಲಿ ಸಾಬ್ಳೆ ಮುರಿದರು. ಆಮೇಲೆ ದೇಶದೊಳಗೆ ಅವರಿಗೆ ಸರಿಸಾಟಿಯಿರಲಿಲ್ಲ; ಪೈಪೋಟಿ ತಮ್ಮದೇ ದಾಖಲೆಯೊಂದಿಗೆ. ಅದನ್ನು ಮತ್ತೆ ಮತ್ತೆ ಮುರಿಯುತ್ತ 2024ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ 8 ನಿಮಿಷ 09.91 ಸೆಕೆಂಡಿಗೆ ತಂದರು. ಈ ಎರಡು ವೇಗಗಳಲ್ಲಿ ಇಬ್ಬರು ಒಟ್ಟಿಗೆ ಓಡಿದ್ದರೆ, ಒಬ್ಬರು ಗುರಿ ಮುಟ್ಟುವಾಗ ಇನ್ನೊಬ್ಬರು 120 ಮೀಟರಿಗೂ ಹೆಚ್ಚು ಹಿಂದೆ ಇರುತ್ತಿದ್ದರು.

2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ ಮುಂದಿದ್ದವರು ಎಡವಿ ಸಾಬ್ಳೆ ದಾರಿ ಕಟ್ಟಿತು. ಭಾರತ ದೂರು ಕೊಟ್ಟಿತು. ವಿಡಿಯೊ ನೋಡಿದ ಅಧಿಕಾರಿಗಳು ಅವರನ್ನು ಫೈನಲ್‌ಗೆ ಸೇರಿಸಿದರು. ಅಲ್ಲಿ 13ನೆಯ ಸ್ಥಾನ. ಆದರೆ ಆ ಓಟದ 8 ನಿಮಿಷ 21.37 ಸೆಕೆಂಡ್ ಟೋಕಿಯೊ ಒಲಿಂಪಿಕ್ಸ್‌ನ ಬಾಗಿಲು ತೆರೆಯಿತು.

ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 1998ರಿಂದ 2018ರವರೆಗೆ ಈ ಸ್ಪರ್ಧೆಯ ಮೂರೂ ಪದಕಗಳು ಪ್ರತಿಬಾರಿ ಕೆನ್ಯಾದ ಪಾಲಾಗಿದ್ದವು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾಬ್ಳೆ ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಅಬ್ರಹಾಂ ಕಿಬಿವೋಟ್ ಅವರಿಗಿಂತ 0.05 ಸೆಕೆಂಡ್ ಹಿಂದೆ. ಆ ವೇಗದಲ್ಲಿ ಅದು ಒಂದು ಅಡಿಗಿಂತ ತುಸು ಹೆಚ್ಚು, ಅಷ್ಟೆ. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನವೂ ಬಂತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆಯ ಫೈನಲ್ ತಲುಪಿದ ಮೊದಲ ಭಾರತೀಯ ಪುರುಷ ಅವರೇ. ಸ್ಥಾನ 11. ಪದಕಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. 2025ರ ಜುಲೈನಲ್ಲಿ ಮೊನಾಕೊದ ಓಟದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯೂ ಆಯಿತು.

ಹಿಂದಿದ್ದ 120 ಮೀಟರನ್ನು ಆರು ವರ್ಷ ಓಡಿ ದಾಟಿದವರಿಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಅಡಿ ಉಳಿದುಹೋಯಿತು. ಪತ್ರಿಕೆ ಬರೆಯುವುದು ಆ ಒಂದು ಅಡಿಯನ್ನು. ನೀವು ನಾಳೆ ಮೈದಾನಕ್ಕಿಳಿದಾಗ 120 ಮೀಟರನ್ನೂ ನೆನೆಯಿರಿ.