ಮಳೆಯ ಲೆಕ್ಕ, ಮೊಬೈಲಿನ ಕರೆ



ದೂರವಾಣಿ ಎಂದರೆ ಮನುಷ್ಯರು ಮಾತನಾಡುವ ಸಾಧನವೆಂದೇ ನಮ್ಮ ಸಾಮಾನ್ಯ ತಿಳಿವಳಿಕೆ. ಆದರೆ ಯಂತ್ರಗಳೂ ಪರಸ್ಪರ ಕರೆ ಮಾಡುತ್ತವೆ. ಅವು ಕರೆ ಮಾಡುವುದು ಹೇಗೆ, ಆ ಕರೆಯಲ್ಲಿ ಸಾಗುವುದೇನು, ಒಂದು ಕಾಲದಲ್ಲಿ ಬಳಕೆಯಲ್ಲಿದ್ದ ಪದ್ಧತಿ ಏಕೆ ಹಿಂದೆ ಸರಿಯಿತು ಎಂಬುದನ್ನು ಇಂದು ವಿಚಾರ ಮಾಡೋಣ. ಉದಾಹರಣೆಗೆ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳನ್ನು ತೆಗೆದುಕೊಳ್ಳೋಣ.

ಈ ಮೂರು ತಾಲ್ಲೂಕುಗಳು ಘಟ್ಟದ ಮೇಲಿನವು. ಕಣಿವೆಗಳಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಒಂದೆರಡು ಮನೆ, ಸುತ್ತಲೂ ಕಾಡು. ಬಯಲುಸೀಮೆಯ ಊರಿನಂತೆ ಮನೆಗಳು ಒಂದೆಡೆ ಗುಂಪಾಗಿಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕೆಲವು ಮನೆಗಳಿಗೆ ದಾರಿಯೇ ಕಡಿಯುತ್ತದೆ. 2021ರ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆಗಳು ಹಾಳಾದವು. ಇಂತಹ ಸೀಮೆಯಲ್ಲಿ ಯಾವ ಗುಡ್ಡದ ಮೇಲೆ ಎಷ್ಟು ಮಳೆ ಬಿತ್ತು ಎಂಬ ಲೆಕ್ಕ ಮರುದಿನ ಕೈಸೇರಿದರೆ ಪ್ರಯೋಜನ ಕಡಿಮೆ. ಮಳೆ ಬೀಳುತ್ತಿರುವಾಗಲೇ ಅದು ತಲುಪಬೇಕು. ಕೊಳೆರೋಗಕ್ಕೆ ಮದ್ದು ಹೊಡೆಯಲು ಬಿಡುವು ಹುಡುಕುವ ಕೃಷಿಕನಿಗೂ ಈ ಲೆಕ್ಕ ಬೇಕು.

ಹಾಗಾದರೆ, ಕಾಡಿನ ನಡುವೆ ಒಂಟಿಯಾಗಿ ನಿಂತ ಮಳೆಮಾಪಕವು ತನ್ನ ಲೆಕ್ಕವನ್ನು ಪಟ್ಟಣಕ್ಕೆ ಹೇಗೆ ತಿಳಿಸಬೇಕು? ಎರಡು ದಾರಿಗಳಿವೆ. ಮೊದಲನೆಯದನ್ನು ಸರ್ಕ್ಯೂಟ್ ಸ್ವಿಚಿಂಗ್ ಎನ್ನುತ್ತಾರೆ. ಅಂದರೆ ಕರೆ ಮಾಡಿದವರಿಗೂ ಕರೆ ಸ್ವೀಕರಿಸಿದವರಿಗೂ ನಡುವೆ ಒಂದು ದಾರಿಯನ್ನು ಮೀಸಲಾಗಿ ಕಟ್ಟಿಕೊಡುವುದು.

ಮಲೆನಾಡಿನವರಿಗೆ ಇದನ್ನು ಅಬ್ಬಿ ನೀರಿನ ಹೋಲಿಕೆಯಿಂದ ತಿಳಿಸಬಹುದು. ಗುಡ್ಡದ ಒರತೆಯಿಂದ ಮನೆಯಂಗಳದವರೆಗೆ, ಸೀಳಿ ತಿರುಳು ತೆಗೆದ ಅಡಿಕೆ ಮರದ ದಬ್ಬೆಗಳನ್ನು ಒಂದಕ್ಕೊಂದು ಜೋಡಿಸಿ ನೀರು ತರುತ್ತಿದ್ದರು. ನೀರು ಹರಿಯಲಿ, ಬಿಡಲಿ, ಆ ದಬ್ಬೆಗಳ ಸಾಲು ಆ ಮನೆಯದೇ. ಹಳೆಯ ದೂರವಾಣಿ ವಿನಿಮಯ ಕೇಂದ್ರದಲ್ಲಿ ಆಪರೇಟರ್ ಒಬ್ಬರು ಹಗ್ಗದಂತಹ ತಂತಿಯನ್ನು ರಂಧ್ರಕ್ಕೆ ಸಿಕ್ಕಿಸಿದಾಗ ಆಗುತ್ತಿದ್ದುದೂ ಇದೇ. ನೀವು ಮಾತನಾಡಿದರೂ, ಸುಮ್ಮನಿದ್ದರೂ, ಫೋನ್ ಕೆಳಗಿಡುವವರೆಗೆ ಆ ದಾರಿ ನಿಮ್ಮದು. ಬೇರೆಯವರಿಗೆ ಅದು ಸಿಗದು.

ಮುಂದೆ ತಂತಿ ಸಿಕ್ಕಿಸುವ ಕೆಲಸವನ್ನು ಯಂತ್ರಗಳು, ಆಮೇಲೆ ಗಣಕಗಳು ವಹಿಸಿಕೊಂಡವು. ಇಲ್ಲಿ ನಮ್ಮ ರಾಜ್ಯಕ್ಕೆ ಒಂದು ಹೆಮ್ಮೆಯ ಸಂಗತಿಯಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ಒಂದು ಪುಟ್ಟ ವಿದ್ಯುನ್ಮಾನ ವಿನಿಮಯ ಕೇಂದ್ರವನ್ನು ರೂಪಿಸಿತು. ಹವಾನಿಯಂತ್ರಣದ ಕೋಣೆಯಿಲ್ಲದೆ, ನಮ್ಮ ಧೂಳು ಮತ್ತು ಸೆಕೆಯನ್ನು ತಾಳಿಕೊಂಡು ಕೆಲಸ ಮಾಡುವಂತೆ ಅದನ್ನು ತಯಾರಿಸಲಾಗಿತ್ತು. ಅಂತಹ ಮೊದಲ ಕೇಂದ್ರ 1986ರಲ್ಲಿ ಆರಂಭವಾದದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಇಂತಹ ಅಂಕೀಯ ಕೇಂದ್ರಗಳಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳ ಸಂಖ್ಯೆಯಾಗಿ ಬರೆಯುತ್ತಾರೆ. ಹೀಗೆ ಒಂದು ಮಾತುಕತೆಗೆ ಸೆಕೆಂಡಿಗೆ 64,000 ಬಿಟ್‌ಗಳು. ಹಲವು ಮಾತುಕತೆಗಳು ಒಂದೇ ತಂತಿಯಲ್ಲಿ ಸರದಿಯಂತೆ ಸಾಗುತ್ತವೆ. ಅಂದರೆ ಮೀಸಲು ದಾರಿ ಎಂಬುದು ಪ್ರತ್ಯೇಕ ತಂತಿಯೇ ಆಗಬೇಕಿಲ್ಲ. ಪದೇ ಪದೇ ಬರುವ ಒಂದು ಕ್ಷಣದ ಸರದಿಯೂ ಆಗಬಹುದು. ಈ ಮಾತನ್ನು ನೆನಪಿಡಿ.

ಈಗ ಮೊಬೈಲಿಗೆ ಬರೋಣ. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಅದು ಜಿಎಸ್‌ಎಂ ಪದ್ಧತಿಯ ಜಾಲ. ಅದರಲ್ಲಿ ಒಂದು ರೇಡಿಯೋ ತರಂಗವನ್ನು ಕಾಲದ ಎಂಟು ಸರದಿಗಳಾಗಿ ಹಂಚುತ್ತಾರೆ. ಒಂದು ಸುತ್ತು ಮುಗಿಯಲು 4.615 ಮಿಲಿಸೆಕೆಂಡ್. ನಿಮ್ಮ ಫೋನು ತನ್ನ ಸರದಿ ಬಂದಾಗ ಮಾತ್ರ ಕ್ಷಣಕಾಲ ಕಳುಹಿಸಿ ಸುಮ್ಮನಾಗುತ್ತದೆ. ಕಿವಿಗೆ ಮಾತ್ರ ಮಾತು ಅಖಂಡವಾಗಿ ಕೇಳುತ್ತದೆ.

ಸ್ಥಿರ ದೂರವಾಣಿಯ ಮೂಲಕ ಗಣಕಗಳು ಮಾತನಾಡಲು ಮೊಡೆಮ್ ಎಂಬ ಸಾಧನವಿತ್ತು. ಅದು ಸೊನ್ನೆ, ಒಂದುಗಳನ್ನು ಶಿಳ್ಳೆಯಂತಹ ನಾದಗಳಾಗಿ ಬದಲಾಯಿಸಿ ತಂತಿಗೆ ಬಿಡುತ್ತಿತ್ತು. ಹಾಗಾದರೆ ಅದೇ ನಾದವನ್ನು ಮೊಬೈಲಿನ ಮೈಕಿಗೆ ಕೇಳಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಅದು ಸರಿಹೋಗುವುದಿಲ್ಲ. ಕಾರಣವಿಷ್ಟೆ: ರೇಡಿಯೋ ದಾರಿ ಇಕ್ಕಟ್ಟಾದದ್ದು. ಆದ್ದರಿಂದ ಜಿಎಸ್‌ಎಂ ಫೋನು ಧ್ವನಿಯನ್ನು ಸೆಕೆಂಡಿಗೆ 13,000 ಬಿಟ್‌ಗಳಿಗೆ ಹಿಂಡುತ್ತದೆ. ಹಿಂಡುವಾಗ, ಬರುತ್ತಿರುವುದು ಮನುಷ್ಯನ ಕೊರಳಿನ ಧ್ವನಿ ಎಂದೇ ಅದು ಭಾವಿಸುತ್ತದೆ. ಮೊಡೆಮಿನ ನಾದ ಕೊರಳಿನಿಂದ ಬಂದದ್ದಲ್ಲ. ಹಿಂಡಿದರೆ ಅದರ ರೂಪವೇ ಕೆಡುತ್ತದೆ.

ಇದಕ್ಕೆ ತಂತ್ರಜ್ಞರು ಕಂಡುಕೊಂಡ ಉಪಾಯ ಸೊಗಸಾದದ್ದು. "ಇದು ಮಾತಿನ ಕರೆಯಲ್ಲ, ದತ್ತಾಂಶದ ಕರೆ" ಎಂದು ಫೋನು ಜಾಲಕ್ಕೆ ಮೊದಲೇ ತಿಳಿಸುತ್ತದೆ. ಆಗ ಧ್ವನಿ ಹಿಂಡುವ ಭಾಗವನ್ನು ಬದಿಗಿಟ್ಟು, ಬಿಟ್‌ಗಳನ್ನು ಬಿಟ್‌ಗಳಾಗಿಯೇ ಗಾಳಿಯಲ್ಲಿ ಒಯ್ಯುತ್ತಾರೆ. ಅವನ್ನು ನಾದವಾಗಿ ಬದಲಾಯಿಸುವ ಮೊಡೆಮ್ ಫೋನಿನಲ್ಲಿರುವುದಿಲ್ಲ. ಜಾಲದ ವಿನಿಮಯ ಕೇಂದ್ರದಲ್ಲಿರುತ್ತದೆ. ಅಲ್ಲಿಂದ ಮುಂದೆ ಸಾಧಾರಣ ತಂತಿಯ ದಾರಿ. ಹೀಗೆ ಸಿಗುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 9,600 ಬಿಟ್‌ಗಳು.

ಇಂತಹ ಕರೆಗಾಗಿ ಪರದೆ, ಗುಂಡಿಗಳಿಲ್ಲದ ಒಂದು ಪುಟ್ಟ ಫೋನು ಸಾಕು. ಅದನ್ನು ಮೊಡೆಮ್ ಮಾಡ್ಯೂಲ್ ಎನ್ನುತ್ತಾರೆ. ಬೆಂಕಿಪೊಟ್ಟಣದಷ್ಟು ಹಲಗೆ, ಒಂದು ಸಿಮ್ ಕಾರ್ಡ್, ಒಂದು ಆಂಟೆನಾ. ಇಷ್ಟೇ ಅದರ ಸಂಸಾರ. ಅದಕ್ಕೆ ಅಪ್ಪಣೆಗಳನ್ನು ಅಕ್ಷರಗಳಲ್ಲಿ ಕೊಡಬೇಕು. 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿಯ ಮೊಡೆಮಿನೊಡನೆ ಬಂದ ಈ ಅಪ್ಪಣೆಗಳೆಲ್ಲ "ಎಟಿ" ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತವೆ. "ಗಮನವಿಡು" ಎಂಬುದು ಅದರ ಅರ್ಥ. ಮೊದಲು ಕರೆಯ ಬಗೆ ಮತ್ತು ವೇಗವನ್ನು "ಸಿಬಿಎಸ್‌ಟಿ" ಎಂಬ ಅಪ್ಪಣೆಯಿಂದ ನಿಗದಿ ಮಾಡಬೇಕು. ಬಳಿಕ "ಎಟಿಡಿ" ಎಂದು ಬರೆದು ದೂರವಾಣಿ ಸಂಖ್ಯೆಯನ್ನು ಕೊಡಬೇಕು. ಸಂಖ್ಯೆಯ ಕೊನೆಯಲ್ಲಿ ಅರ್ಧವಿರಾಮ ಚಿಹ್ನೆಯಿದ್ದರೆ ಅದು ಮಾತಿನ ಕರೆ. ಚಿಹ್ನೆಯಿಲ್ಲದಿದ್ದರೆ ದತ್ತಾಂಶದ ಕರೆ. ಒಂದು ಚುಕ್ಕೆ, ಒಂದು ಬಾಲದಿಂದ ಕರೆಯ ಸ್ವರೂಪವೇ ಬದಲಾಗುತ್ತದೆ ನೋಡಿ! ಆ ಕಡೆಯವರು ಎತ್ತಿಕೊಂಡರೆ "ಕನೆಕ್ಟ್" ಎಂಬ ಉತ್ತರ ಬರುತ್ತದೆ. ಆಮೇಲೆ ಬರೆದದ್ದೆಲ್ಲ ಅಪ್ಪಣೆಯಲ್ಲ, ಸಂದೇಶ. ಮತ್ತೆ ಅಪ್ಪಣೆ ಕೊಡಬೇಕಾದರೆ ಕ್ಷಣಕಾಲ ಮೌನವಿದ್ದು ಮೂರು ಕೂಡುವ ಚಿಹ್ನೆಗಳನ್ನು ಕಳುಹಿಸಬೇಕು. "ಎಟಿಎಚ್" ಎಂದರೆ ಕರೆ ಮುಗಿಯಿತು.

ಇಷ್ಟು ಚೆಂದದ ಪದ್ಧತಿ ಏಕೆ ಹಿಂದೆ ಬಿತ್ತು? ಕಾಗದ, ಪೆನ್ಸಿಲು ತೆಗೆದುಕೊಂಡು ಲೆಕ್ಕ ಹಾಕೋಣ. ಮಳೆಮಾಪಕದ ಒಂದು ವರದಿ 40 ಅಕ್ಷರಗಳದ್ದು ಎಂದಿಟ್ಟುಕೊಳ್ಳಿ. ಅಕ್ಷರಕ್ಕೆ 8 ಬಿಟ್‌ಗಳಂತೆ 320 ಬಿಟ್‌ಗಳಾದವು. 9,600ರ ವೇಗದಲ್ಲಿ ಅದನ್ನು ಕಳುಹಿಸಲು ಒಂದು ಸೆಕೆಂಡಿನ ಮೂವತ್ತನೆಯ ಒಂದು ಭಾಗ ಸಾಕು. ಆದರೆ ಸಂಖ್ಯೆ ತಿರುಗಿಸಿ, ಗಂಟೆ ಬಾರಿಸಿ, ಎರಡೂ ಕಡೆಯ ಮೊಡೆಮ್‌ಗಳು ಪರಸ್ಪರ ಹೊಂದಿಕೊಳ್ಳುವ ಹೊತ್ತಿಗೆ ಅರ್ಧ ನಿಮಿಷ ಹಿಡಿಯಿತು ಎನ್ನೋಣ. ಹದಿನೈದು ನಿಮಿಷಕ್ಕೊಂದು ವರದಿಯಾದರೆ ದಿನಕ್ಕೆ 96 ಕರೆಗಳು. ಸಂದೇಶ ಸಾಗಿದ ಕಾಲ ಒಟ್ಟು 3.2 ಸೆಕೆಂಡ್, ದಾರಿ ಕಟ್ಟಲು ತಗುಲಿದ ಕಾಲ 48 ನಿಮಿಷ! ಒಂದು ಲೋಟ ನೀರಿಗಾಗಿ ಪ್ರತಿಸಲ ಗುಡ್ಡದಿಂದ ದಬ್ಬೆ ಜೋಡಿಸಿ, ಮತ್ತೆ ಬಿಚ್ಚಿಟ್ಟಂತಾಯಿತು. ಜೊತೆಗೆ, ಗೋಪುರದ ಎಂಟು ಸರದಿಗಳಲ್ಲಿ ಒಂದು ಸಾಮಾನ್ಯವಾಗಿ ನಿಯಂತ್ರಣಕ್ಕೆ ಮೀಸಲು. ಉಳಿದ ಏಳರಲ್ಲಿ ಏಳು ಯಂತ್ರಗಳು ಕುಳಿತರೆ, ಆ ತರಂಗದಲ್ಲಿ ಆಸ್ಪತ್ರೆಗೆ ಕರೆ ಮಾಡುವ ಎಂಟನೆಯವರಿಗೆ ಜಾಗವಿಲ್ಲ.

ಎರಡನೆಯ ದಾರಿ ಪೊಟ್ಟಣಗಳದು. ಸಂದೇಶವನ್ನು ಪುಟ್ಟ ಪೊಟ್ಟಣಗಳಾಗಿ ಕಟ್ಟಿ, ಪ್ರತಿಯೊಂದರ ಮೇಲೂ ವಿಳಾಸ ಬರೆದು ಬಿಡುವುದು. ಶಿರಸಿಯಿಂದ ಹುಬ್ಬಳ್ಳಿಗೆ ಒಂದು ಚೀಲ ಅಡಿಕೆ ಕಳುಹಿಸಲು ಯಾರೂ ಇಡೀ ಲಾರಿಯನ್ನು ಗೊತ್ತುಮಾಡುವುದಿಲ್ಲ. ಹೋಗುವ ಬಸ್ಸಿನಲ್ಲಿ ಹಾಕುತ್ತಾರೆ. ಇದೂ ಹಾಗೆಯೇ. ಮೊಬೈಲ್ ಜಾಲದಲ್ಲಿ ಇದಕ್ಕೆ ಜಿಪಿಆರ್‌ಎಸ್ ಎಂಬ ವ್ಯವಸ್ಥೆ ಬಂತು. ನಮ್ಮ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಸ್ಥಾಪಿಸಿದ, ಬಿಸಿಲಿನ ವಿದ್ಯುತ್ತಿನಿಂದ ನಡೆಯುವ ಮಳೆಮಾಪಕಗಳು ಈ ಪೊಟ್ಟಣದ ದಾರಿಯನ್ನೇ ಹಿಡಿದು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುವಂತೆ ರೂಪುಗೊಂಡವು.

ಹಾಗೆಂದು ಮೀಸಲು ದಾರಿಯನ್ನು ಹೀನವೆಂದು ಬಗೆಯಬಾರದು. ಅಲ್ಲಿ ಒಮ್ಮೆ ದಾರಿ ಸಿಕ್ಕಿತೆಂದರೆ ವೇಗ ಸ್ಥಿರ, ಜನಜಂಗುಳಿಯ ಕಾಟವಿಲ್ಲ. ಪೊಟ್ಟಣಗಳು ದಟ್ಟಣೆಯಲ್ಲಿ ತಡವಾಗಬಹುದು, ಕಳೆದೂ ಹೋಗಬಹುದು. ಆದರೂ ಕಾಲ ಪೊಟ್ಟಣಗಳ ಕಡೆಗೇ ವಾಲಿತು. 4ಜಿ ಜಾಲದಲ್ಲಿ ಸರ್ಕ್ಯೂಟ್ ಎಂಬುದೇ ಇಲ್ಲ. ನಮ್ಮ ಮಾತು ಕೂಡ ಪೊಟ್ಟಣಗಳಾಗಿಯೇ ಹೋಗುತ್ತದೆ. ಕಿತ್ತೂರಿನಲ್ಲಿ ಮೀಸಲು ದಾರಿಯ ಕೇಂದ್ರವನ್ನು ನಿಲ್ಲಿಸಿದ ಅದೇ ಸಿ-ಡಾಟ್, ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದ ಕೇಂದ್ರಭಾಗವನ್ನು ರೂಪಿಸಿತು. ಆ ಜಾಲ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು. ಅಮೆರಿಕದ ಎಟಿ ಆಂಡ್ ಟಿ ಕಂಪನಿಯಂತೂ 2016ರ ಕೊನೆಗೆ ತನ್ನ 2ಜಿ ಜಾಲವನ್ನೇ ಮುಚ್ಚಿತು. ಅದನ್ನೇ ನಂಬಿದ್ದ ಉಪಕರಣಗಳು ಆ ಜಾಲದಲ್ಲಿ ಮೂಕವಾದವು. ಉಪಕರಣ ಗಟ್ಟಿಯಾಗಿದ್ದರಷ್ಟೇ ಸಾಲದು, ಅದು ನಂಬಿದ ದಾರಿಯೂ ಉಳಿದಿರಬೇಕು.

ದಾರಿ ಯಾವುದೇ ಆಗಲಿ, ಗೋಪುರದ ತರಂಗ ಗುಡ್ಡವನ್ನು ತೂರಿ ಬರುವುದಿಲ್ಲ. ಬಯಲಿನಲ್ಲಿ ಬಹುದೂರ ತಲುಪುವ ತರಂಗ, ಘಟ್ಟದಲ್ಲಿ ಎದುರಿನ ಗುಡ್ಡದ ಮರೆಯಲ್ಲಿರುವ ಮನೆಗೂ ತಲುಪದಿರಬಹುದು. 2020 ಮತ್ತು 2021ರಲ್ಲಿ ಶಾಲೆ, ಕಾಲೇಜುಗಳು ಮುಚ್ಚಿದ್ದಾಗ ಈ ಸೀಮೆಯ ವಿದ್ಯಾರ್ಥಿಗಳು ಪಾಠ ಕೇಳಲು ಗುಡ್ಡ ಹತ್ತಿದ್ದು ಇದೇ ಕಾರಣಕ್ಕೆ. ಮಳೆಮಾಪಕಕ್ಕೆ ಕಾಲಿಲ್ಲ, ಅದು ಗುಡ್ಡ ಹತ್ತಲಾರದು. ಆದ್ದರಿಂದ ಅದನ್ನು ರೂಪಿಸುವವರು ಮೂರು ಸಂಗತಿಗಳನ್ನು ಮರೆಯಬಾರದು. ಒಂದು, ಸಂದೇಶ ಮುಟ್ಟಿತೆಂಬ ಉತ್ತರ ಬರುವವರೆಗೆ ಲೆಕ್ಕವನ್ನು ತನ್ನಲ್ಲೇ ಜೋಪಾನವಾಗಿಟ್ಟುಕೊಳ್ಳಬೇಕು. ಎರಡು, ಮೋಡ ಕವಿದ ದಿನಗಳಲ್ಲೂ ಸಾಲುವಷ್ಟು ಬ್ಯಾಟರಿ ಇರಬೇಕು. ಮೂರು, ಪ್ರತಿ ಲೆಕ್ಕದ ಜೊತೆಗೆ ಅಳೆದ ಹೊತ್ತನ್ನೂ ಬರೆದಿರಬೇಕು. ತಡವಾಗಿ ಬಂದ ಲೆಕ್ಕ ಹೊಸದೆಂದು ಯಾರೂ ಭ್ರಮಿಸಬಾರದು.

ನಿಮ್ಮಲ್ಲಿ ಯಾರಿಗಾದರೂ ಇಂತಹ ಮಾಡ್ಯೂಲನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಮುಟ್ಟುವ ಅವಕಾಶ ಸಿಗಬಹುದು. ಆಗ ಮೊದಲು ನಿಮ್ಮ ಊರಿನ ಗುಡ್ಡವನ್ನೂ, ಮಳೆಯನ್ನೂ, ಕಳುಹಿಸಬೇಕಾದ ಅಕ್ಷರಗಳ ಸಂಖ್ಯೆಯನ್ನೂ ಲೆಕ್ಕ ಹಾಕಿ. ಯಾವ ದಾರಿ ತಕ್ಕದ್ದು ಎಂಬುದನ್ನು ಆ ಲೆಕ್ಕವೇ ಹೇಳಿಕೊಡುತ್ತದೆ.